ಪಾಪಾಸುಕಳ್ಳಿ ಹೊಲಿದ ಅತ್ತೆ ಸೊಸೆ

ಮನೆಯಲ್ಲಿ ಅತ್ತೆಯ ಕೈಕೆಳಗೆ ಬಾಳುವುದು ಎಷ್ಟೋ ಸೊಸೆಯರ ಪಾಡು. ಆಫೀಸಿನಲ್ಲೂ ಅದೇ ಅತ್ತೆಯ ಕೈಕೆಳಗೆ ದುಡಿಯುವ ಯೋಗ ಮಾತ್ರ ಈ ಸೊಸೆಗೇ ಒಲಿದು ಬಂದಿತ್ತು.

ಆಫೀಸೆಂದರೆ ಒಣಗಿದ ಗಿಡಗಳ ಸಂಗ್ರಹಾಲಯ. ಬೀದಿಯ ಕೊನೆಯಲ್ಲಿ ಎತ್ತರದ ಕಿಟಕಿಗಳ ಹಳೆಯ ಕಟ್ಟಡ. ಒಳಗೆ ಕಾಲಿಟ್ಟರೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತಿತ್ತು. ಸಾಲು ಸಾಲು ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ದಪ್ಪ ಬಿಳಿ ಹಾಳೆಗಳು, ಒಂದೊಂದು ಹಾಳೆಯ ಮೇಲೂ ಒಣಗಿ ಚಪ್ಪಟೆಯಾದ ಒಂದೊಂದು ಗಿಡ. ಬೀದಿಯವರು ಅದನ್ನು ಹುಲ್ಲಿನಾಫೀಸು ಎಂದು ಕರೆಯುತ್ತಿದ್ದರು. ಕಾಡು ಮೇಡು ಅಲೆದು ಪಂಡಿತರು ತಂದ ಗಿಡಗಳನ್ನು ಹಾಳೆಗೆ ಅಂಟಿಸಿ, ಅಂಟಿಗೆ ಬಗ್ಗದ ಕಡ್ಡಿಗಳನ್ನು ದಾರದಿಂದ ಹೊಲಿದು, ಬಲಗಡೆಯ ಮೂಲೆಯಲ್ಲಿ ಚೀಟಿ ಹಚ್ಚುವುದು ಅತ್ತೆಯ ಕೆಲಸ. ಗಿಡ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಕಿತ್ತರು, ಹೂವಿನ ಬಣ್ಣ ಯಾವುದು ಎಂದೆಲ್ಲ ಆ ಚೀಟಿಯಲ್ಲಿರಬೇಕು. ಒಣಗಿದ ಮೇಲೆ ಬಣ್ಣ ಉಳಿಯುವುದಿಲ್ಲ. ಕೆಂಪೂ ನೀಲಿಯೂ ಎಲ್ಲ ಕೊನೆಗೆ ಚಹಾದ ಕಲೆಯ ಬಣ್ಣವೇ.

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಅಂಗಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಹೋದರೆ ಸಂಜೆ ಗ್ರೀಸು ಮೆತ್ತಿಕೊಂಡು ಬರುವವನು. ಮಾವ ಆ ಮೊದಲೇ ತೀರಿಕೊಂಡಿದ್ದರು. ಇಡೀ ದಿನ ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುತ್ತಿದ್ದ ಸೊಸೆಯನ್ನು ಕಂಡು ಅತ್ತೆ ಒಂದು ದಿನ, “ಗೋಡೆ ಎಲ್ಲೂ ಓಡಿಹೋಗಲ್ಲ, ಅದನ್ನ ಕಾಯೋದು ಬೇಡ. ಆಫೀಸಲ್ಲಿ ಒಂದು ಜಾಗ ಖಾಲಿ ಇದೆ, ನಡಿ” ಎಂದರು.

ಅವಳು ಮೊದಲ ದಿನ ಹೋದ ಹೊತ್ತಿಗೆ ಮರುಭೂಮಿಯಿಂದ ಒಂದು ಕಟ್ಟು ಬಂದಿತ್ತು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಅಂಗೈಯಗಲದ ಪಾಪಾಸುಕಳ್ಳಿಯ ತುಂಡುಗಳು. ಅತ್ತೆ ಚಿಮಟ ಕೊಟ್ಟು, “ಇದರಲ್ಲೇ ಹಿಡಿ, ಕೈ ಹಚ್ಚಬೇಡ” ಎಂದು ಆ ಕಡೆ ತಿರುಗಿದ್ದೇ ತಡ, ಸೊಸೆ ಕೈ ಹಚ್ಚಿದಳು. ಉದ್ದದ ಮುಳ್ಳುಗಳನ್ನು ಅವಳು ಜೋಪಾನವಾಗಿ ತಪ್ಪಿಸಿದ್ದಳು. ಆದರೆ ಪಾಪಾಸುಕಳ್ಳಿಗೆ ಆ ಮುಳ್ಳುಗಳ ಬುಡದಲ್ಲಿ ಇನ್ನೊಂದು ಜಾತಿಯ ಮುಳ್ಳಿರುತ್ತದೆ, ಕೂದಲಿಗಿಂತ ಸಣ್ಣದು, ತೆನೆಯ ಸುಂಕಿನ ಹಾಗೆ. ಅದು ಕಣ್ಣಿಗೆ ಕಾಣುವುದಿಲ್ಲ, ಚರ್ಮ ಹೊಕ್ಕಮೇಲೆ ಬಿಡುವುದಿಲ್ಲ. ನೋಡನೋಡುತ್ತಿದ್ದಂತೆ ಐದು ಬೆರಳೂ ಬೆಂಕಿ ಬಿದ್ದ ಹಾಗೆ ಉರಿಯತೊಡಗಿದವು.

ಬೈಗುಳಕ್ಕೆ ಅವಳು ಮೈ ಬಿಗಿಹಿಡಿದು ನಿಂತಳು. ಅತ್ತೆ ಬೈಯಲಿಲ್ಲ. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು, ಸೊಸೆಯ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು, ಚಿಮಟದಿಂದ ಒಂದೊಂದಾಗಿ ಕೀಳತೊಡಗಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. ಸೊಸೆಯ ಕಣ್ಣಲ್ಲಿ ನೀರು ಬಳಬಳ ಇಳಿಯಿತು.

“ಮುಳ್ಳಿಗೆ ಅಳ್ತಿದೀಯೋ, ತವರು ನೆನೆಸ್ಕೊಂಡು ಅಳ್ತಿದೀಯೋ?” ಅತ್ತೆ ತಲೆಯೆತ್ತದೆ ಕೇಳಿದರು.

“ಎರಡಕ್ಕೂ.”

“ಹಾಗಾದ್ರೆ ಒಟ್ಟಿಗೇ ಅತ್ತು ಮುಗಿಸು. ಒಂದಕ್ಕೊಂದು ಸಲ ಅಂತ ಯಾಕೆ ಅಳೋದು.”

ಸೊಸೆಗೆ ಅಳುವಿನ ನಡುವೆಯೇ ನಗು ಬಂತು. ಆ ದಿನದಿಂದ ಅವರಿಬ್ಬರ ನಡುವಿನ ಬಿಗುಮಾನ ಕರಗುತ್ತ ಹೋಯಿತು. ಅವಳು ಬಾಯ್ತುಂಬ “ಅತ್ತೇ, ಅತ್ತೇ” ಎನ್ನುವುದು ಕೇಳಿ ಕೇಳಿ ಇಡೀ ಆಫೀಸಿಗೇ ಅದು ಅಂಟಿಕೊಂಡಿತು. ಜವಾನ, ಟೈಪಿಸ್ಟ್, ಕೊನೆಗೆ ದೊಡ್ಡ ಸಾಹೇಬರು ಸಹ, “ಅತ್ತೆ, ಆ ಕಟ್ಟು ಆಯ್ತಾ?” ಎನ್ನುವ ಮಟ್ಟಕ್ಕೆ ಬಂತು. ಸಾಹೇಬರ ಸ್ವಂತ ಅತ್ತೆ ಒಮ್ಮೆ ಫೋನ್ ಮಾಡಿದಾಗ ಜವಾನ ಒಯ್ದು ಇವರ ಕೈಗೆ ಫೋನು ಕೊಟ್ಟದ್ದೂ ಉಂಟು.

ಅತ್ತೆ ಸೊಸೆಗೆ ಎಲ್ಲ ಕಲಿಸಿದರು. ಅದರಲ್ಲೂ ಪಾಪಾಸುಕಳ್ಳಿಯ ಕೆಲಸವನ್ನು. ಉಳಿದ ಗಿಡಗಳೇನೋ ಸಾಧು, ಒತ್ತಿಟ್ಟರೆ ಒಣಗುತ್ತವೆ. ಇದು ಮರುಭೂಮಿಯ ಜೀವ, ಹೊಟ್ಟೆಯ ತುಂಬ ನೀರು ಬಚ್ಚಿಟ್ಟುಕೊಂಡಿರುತ್ತದೆ. ಸೀಳಿ, ಒಳಗಿನ ಲೋಳೆ ತಿರುಳನ್ನು ಚಮಚದಿಂದ ಕೆರೆದು, ಉಪ್ಪು ಸವರಿ, ಒತ್ತುಕಾಗದ ಬದಲಾಯಿಸುತ್ತ ಹೋಗಬೇಕು. ಇಲ್ಲದಿದ್ದರೆ ಕೊಳೆಯುತ್ತದೆ. ಕೊಳೆಯದಿದ್ದರೆ ಇನ್ನೂ ತಮಾಷೆ, ಸಾಯುವುದೇ ಇಲ್ಲ. ಒಂದು ಸಲ ಯಾರೋ ಸೋಮಾರಿ ಪಂಡಿತ ತಿರುಳು ತೆಗೆಯದೆ ಕಳಿಸಿದ್ದ ತುಂಡೊಂದು ಕಟ್ಟಿನೊಳಗೇ ತಿಂಗಳುಗಟ್ಟಲೆ ಬಿದ್ದಿತ್ತು. ಬಿಚ್ಚಿ ನೋಡಿದರೆ ಪತ್ರಿಕೆಯ ಮಡಿಕೆಯಲ್ಲಿ ಎಳೆಗಿಳಿಯ ಬಣ್ಣದ ಚಿಗುರು!

“ನೋಡೆ ಇದರ ಹಟ” ಎಂದು ಅತ್ತೆ ಬೆರಗಾದರು. “ಗಾಳಿ ಇಲ್ಲ, ನೀರಿಲ್ಲ, ಮೇಲೆ ಹಲಗೆ ಹೇರಿದಾರೆ. ಆದ್ರೂ ಮೊಳಕೆ ಒಡೆದಿದೆ. ಇದನ್ನ ನಾನು ಹಾಳೆಗೆ ಹೊಲಿಯಲ್ಲಪ್ಪ.”

ಸಾಹೇಬರನ್ನು ಕೇಳಿ ಅದನ್ನು ಮನೆಗೆ ತಂದು, ಎಣ್ಣೆ ಡಬ್ಬಿಯಲ್ಲಿ ಮರಳು ತುಂಬಿ ನೆಟ್ಟರು. ಅಡುಗೆಮನೆಯ ಕಿಟಕಿಯಲ್ಲಿ ಅದು ಬೆಳೆಯಿತು, ಆದರೆ ಹೂ ಬಿಡಲಿಲ್ಲ. ಎದುರು ಮನೆಯ ನೆರಳು ಅದಕ್ಕೆ ಬಿಸಿಲನ್ನೇ ಬಿಡುತ್ತಿರಲಿಲ್ಲ. “ಹೂವು ಹಳದಿ, ಸಂಜೆಗೆ ಕಿತ್ತಳೆಗೆ ತಿರುಗುತ್ತದೆ” ಎಂದು ಎಷ್ಟು ಚೀಟಿ ಹಚ್ಚಿದವರೋ ಅತ್ತೆ! ಆ ಹಳದಿಯನ್ನು ಒಮ್ಮೆಯೂ ಕಂಡವರಲ್ಲ. ಊರಿನ ಎಲ್ಲೆ ದಾಟಿ ಹೋದವರೇ ಅಲ್ಲ.

“ಯಾವತ್ತಾದ್ರೂ ಹೋಗಿ ನೋಡಬೇಕು” ಎನ್ನುತ್ತಿದ್ದರು, ಪಾತ್ರೆ ಉಜ್ಜುತ್ತ.

“ಹೋಗೋಣ ಅತ್ತೆ” ಎನ್ನುತ್ತಿದ್ದಳು ಸೊಸೆ, ಪಾತ್ರೆ ಒರೆಸುತ್ತ. ಹೇಳುವವರಿಗೂ ಕೇಳುವವರಿಗೂ ಅದು ಬರೀ ಮಾತೆಂದು ಗೊತ್ತಿತ್ತು.

ವರ್ಷಗಳು ಹೋದವು. ಅತ್ತೆಯ ಹೊಲಿಗೆ ಸೊಟ್ಟಗಾಗುತ್ತಿರುವುದನ್ನು ಮೊದಲು ಗಮನಿಸಿದವಳು ಸೊಸೆಯೇ. ಸೂಜಿಗೆ ದಾರ ಪೋಣಿಸಲು ಅತ್ತೆ ಕಿಟಕಿಯ ಹತ್ತಿರ ಹೋಗುವುದು, ಚೀಟಿಯನ್ನು ಮೂಗಿನ ತನಕ ತರುವುದು, ಒಮ್ಮೆಯಂತೂ ಚೀಟಿಯನ್ನು ತಲೆಕೆಳಗಾಗಿ ಅಂಟಿಸಿದ್ದು. ಕೇಳಿದರೆ, “ಈ ಹೊಸ ಬಲ್ಬುಗಳೇ ಸರಿಯಿಲ್ಲ” ಎಂಬ ಉತ್ತರ. ಅತ್ತೆ ಊಟಕ್ಕೆ ಎದ್ದಾಗ ಸೊಸೆ ಅವರ ಹಾಳೆಗಳನ್ನು ಎತ್ತಿಕೊಂಡು, ಸೊಟ್ಟ ಹೊಲಿಗೆ ಬಿಚ್ಚಿ, ತಾನೇ ಮತ್ತೆ ಹೊಲಿದು, ಏನೂ ಅರಿಯದವಳ ಹಾಗೆ ಇಟ್ಟುಬಿಡುತ್ತಿದ್ದಳು.

ಆದರೆ ಕಣ್ಣು ಮಂಜಾದವರ ಬೆರಳು ಚುರುಕಾಗಿರುತ್ತದೆ ಎಂಬುದನ್ನು ಅವಳು ಮರೆತಿದ್ದಳು. ಒಂದು ಮಧ್ಯಾಹ್ನ ಅತ್ತೆ ಹಾಳೆಯೊಂದನ್ನು ತಿರುವಿ ಹಿಂಬದಿಯನ್ನು ಸವರಿದರು. ಬೆರಳು ದಾರದ ಗಂಟಿನ ಮೇಲೆ ನಿಂತಿತು.

“ಇದು ನನ್ನ ಗಂಟಲ್ಲ.”

ಸೊಸೆ ಕೈಲಿದ್ದ ಸೂಜಿಯನ್ನು ಕೆಳಗಿಟ್ಟಳು.

“ಎಷ್ಟು ದಿನದಿಂದ?”

“ಅತ್ತೆ, ಅದು… ನಿಮಗೆ ಬೇಜಾರಾಗಬಾರದು ಅಂತ…”

“ಬೇಜಾರಾಗಬಾರದು ಅಂತ ಬೆನ್ನ ಹಿಂದೆ ಬಿಚ್ಚಿದೆಯಾ?”

ಅಷ್ಟೇ. ಮುಂದಿನ ದಿನಗಳಲ್ಲಿ ಅತ್ತೆಯ ಬಾಯಿಂದ ಒಂದು ಮಾತಿಲ್ಲ. ಆಫೀಸಿಗೆ ಹೋಗುವಾಗ ಬೀದಿಯ ಆ ಬದಿ ಒಬ್ಬರು, ಈ ಬದಿ ಒಬ್ಬರು. ಮನೆಯಲ್ಲಿ ತಟ್ಟೆ ಲೋಟಗಳೇ ಮಾತಾಡುತ್ತಿದ್ದವು, ಅದೂ ಜೋರಾಗಿ. ಅಡಕತ್ತರಿಯ ನಡುವೆ ಸಿಕ್ಕ ಅಡಕೆಯಂತಾದ ಮಗ, “ಬಸ್ಸಿನ ಎಂಜಿನ್ನಾದ್ರೆ ಬಿಚ್ಚಿ ನೋಡಬಹುದು, ನಿಮ್ಮಿಬ್ಬರನ್ನ ಏನು ಮಾಡ್ಲಿ?” ಎಂದು ಗೊಣಗಿದ.

ಕೊನೆಗೆ ಮೌನ ಮುರಿದವರು ಅತ್ತೆಯೇ, ಅದೂ ಯಾರೂ ಎಣಿಸದ ರೀತಿಯಲ್ಲಿ. ಒಂದು ಬೆಳಿಗ್ಗೆ ನೇರ ಸಾಹೇಬರ ಕೋಣೆಗೆ ಹೋಗಿ, ಬಾಗಿಲನ್ನೂ ಮುಚ್ಚದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಸರ್, ನನಗೆ ಕಣ್ಣು ಕಾಣಿಸ್ತಿಲ್ಲ. ಇಷ್ಟು ದಿನ ನನ್ನ ಮಾನ ಕಾಪಾಡಿದ್ದು ನನ್ನ ಸೊಸೆ. ಇನ್ನು ನನ್ನ ಕುರ್ಚೀಲಿ ಅವಳು ಕೂತ್ಕೊಳ್ಳಲಿ.”

ಹೊರಬಂದು ಸೊಸೆಯ ಮುಂದೆ ನಿಂತು ತಮ್ಮ ಸೂಜಿಪೆಟ್ಟಿಗೆ ಇಟ್ಟರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ. ತಗೋ, ನಿನ್ನ ಕಾಲ ಬಂತು” ಎಂದವರು, ದನಿ ತಗ್ಗಿಸಿ, “ನಿನ್ನ ಗಂಟು ನನ್ನದಕ್ಕಿಂತ ಗಟ್ಟಿ ಇದೆ. ಅದಕ್ಕೇ ಜಾಸ್ತಿ ಸಿಟ್ಟು ಬಂದಿದ್ದು” ಎಂದರು. ಸೊಸೆ ಅವರ ಭುಜಕ್ಕೆ ಹಣೆಯಿಟ್ಟು ಅತ್ತಳು. ಟೈಪಿಸ್ಟ್ ಟೈಪು ನಿಲ್ಲಿಸಿ ಕಿಟಕಿಯ ಕಡೆ ಮುಖ ಮಾಡಿಕೊಂಡಳು.

ಕಣ್ಣಾಸ್ಪತ್ರೆಯ ಡಾಕ್ಟರು, ನರವೇ ಸೊರಗಿದೆ, ಹೋದ ನೋಟ ತಿರುಗಿ ಬರುವುದಿಲ್ಲ ಎಂದರು. ಉಳಿದದ್ದೂ ದಿನೇ ದಿನೇ ಬತ್ತಿತು. ಅತ್ತೆ ಮನೆಯೊಳಗೆ ಗೋಡೆ ಮುಟ್ಟಿ ಓಡಾಡುವುದನ್ನು ಕಲಿತರು. ಸಂಜೆ ಸೊಸೆ ಚಪ್ಪಲಿ ಬಿಡುವ ಸದ್ದಾದರೆ ಸಾಕು, “ಇವತ್ತು ಏನು ಬಂತು?” ಎನ್ನುವರು. ಇವಳು ಬಂದ ಗಿಡಗಳನ್ನು, ಚೀಟಿಯ ಮಾತುಗಳನ್ನು ಒಪ್ಪಿಸುವಳು. ಪಾಪಾಸುಕಳ್ಳಿ ಬಂದ ದಿನ ಮಾತ್ರ ಅತ್ತೆ ಇನ್ನೊಮ್ಮೆ ಹೇಳಿಸುತ್ತಿದ್ದರು. “ಹೂವು ಹಳದಿ, ಸಂಜೆಗೆ ಕಿತ್ತಳೆಗೆ ತಿರುಗುತ್ತದೆ.” “ಹ್ಞೂಂ” ಎನ್ನುವರು. ಆ “ಹ್ಞೂಂ” ಸೊಸೆಯ ಕರುಳಿಗೆ ತಾಗುತ್ತಿತ್ತು. ಕಣ್ಣಿದ್ದಾಗ ಕರೆದೊಯ್ಯಲಿಲ್ಲವಲ್ಲ ಎಂದು.

ದೊಡ್ಡ ಸಾಹೇಬರು ನಿವೃತ್ತರಾಗಿ, ಅವರ ಜಾಗಕ್ಕೆ ಒಬ್ಬ ಮೇಡಂ ಬಂದರು. ಚಿಕ್ಕ ವಯಸ್ಸು, ಕುಪ್ಪಳಿಸುವ ನಡಿಗೆ, ನಕ್ಕರೆ ಕಪಾಟಿನ ಬಾಗಿಲುಗಳು ಅದುರಬೇಕು. ಅವರ ತಲೆಗೆ ಒಂದು ಕೆಲಸ ಹೊಕ್ಕಿತು. ಮರುಭೂಮಿಯ ಪಾಪಾಸುಕಳ್ಳಿಯ ಹಳೆಯ ಹಾಳೆಗಳನ್ನೆಲ್ಲ ಹೊರತೆಗೆದು, ಚೀಟಿಯಲ್ಲಿ ಬರೆದ ಒಂದೊಂದು ಜಾಗಕ್ಕೂ ಹೋಗಿ, ಆ ಕಳ್ಳಿ ಇನ್ನೂ ಅಲ್ಲಿದೆಯೇ ಎಂದು ನೋಡಿ ಬರುವುದು. ಹೂವಿನ ಕಾಲ ಬಂದಾಗ ಅವರು ಸೊಸೆಯನ್ನು ಕರೆದರು.

“ನೀವು ನನ್ನ ಜೊತೆ ಬರಬೇಕು. ಈ ಹೂವು ಒಂದೇ ದಿನದ್ದು, ಅಲ್ಲೇ ಕೂತು ಒತ್ತಿಡಬೇಕು. ನನಗೆ ತಿರುಳು ತೆಗೆಯೋಕೆ ಬರಲ್ಲ, ತೆಗೆಯೋಕೆ ಹೋದ್ರೆ ಹೋಳೇ ಹೋಳಾಗುತ್ತೆ.”

ಸೊಸೆಯ ಮುಖ ಅರಳಿತು, ಮರುಕ್ಷಣ ಬಾಡಿತು. “ಬರ್ತಿದ್ದೆ ಮೇಡಂ. ಆದ್ರೆ ಅತ್ತೇನ ಬಿಟ್ಟು ಬರೋ ಹಾಗಿಲ್ಲ. ನಮ್ಮನೆಯವರಿಗೆ ಈಗ ಡಿಪೋದಲ್ಲಿ ಪಾಳಿ ಕೆಲಸ.”

“ಬಿಟ್ಟು ಯಾಕೆ ಬರ್ತೀರಿ? ಜೀಪಲ್ಲಿ ಜಾಗ ಇದೆ. ಕರ್ಕೊಂಡು ಬನ್ನಿ.”

ಮನೆಗೆ ಬಂದು ಹೇಳಿದಾಗ ಅತ್ತೆ ಒಪ್ಪಲಿಲ್ಲ. “ಕುರುಡಿ ಹೋಗಿ ಏನು ನೋಡ್ಲಿ? ನಿಮಗೆಲ್ಲ ಭಾರ.” ಸೊಸೆ ವಾದ ಮಾಡಲಿಲ್ಲ. ಅತ್ತೆಯ ಚೀಲಕ್ಕೆ ಬಟ್ಟೆ ತುಂಬಿದಳು. ಬೆಳಿಗ್ಗೆ ಜೀಪಿನ ಹಾರನ್ ಕೇಳಿದಾಗ ಎಲ್ಲರಿಗಿಂತ ಮೊದಲು ಹೊಸ್ತಿಲಲ್ಲಿ ನಿಂತಿದ್ದವರು ಅತ್ತೆ, ಕೈಯಲ್ಲಿ ಆ ಚೀಲ, ಕಾಲಲ್ಲಿ ಮಗನ ದಪ್ಪ ಬೂಟು.

“ಮರಳಲ್ಲಿ ಚಪ್ಪಲಿ ನಿಲ್ಲಲ್ಲ ಅಂತೆ” ಎಂದರು, ಯಾರೂ ಕೇಳದಿದ್ದರೂ.

ಮೊದಲ ಜಾಗದಲ್ಲಿ ಕಳ್ಳಿಯಿರಲಿಲ್ಲ. ಚೀಟಿಯಲ್ಲಿ “ರಸ್ತೆ ತಿರುವಿನ ದಿಬ್ಬ” ಎಂದಿದ್ದಲ್ಲಿ ಪೆಟ್ರೋಲ್ ಬಂಕ್ ಎದ್ದಿತ್ತು. ಎರಡನೆಯ ಕಡೆ ದಿಬ್ಬವನ್ನೇ ಅಗೆದು ಕಲ್ಲು ಸಾಗಿಸಿದ್ದರು. ಮೇಡಂ ಅವರ ನಗು ಕಡಿಮೆಯಾಯಿತು. ಅವರು ತಮ್ಮ ಕಾಗದದಲ್ಲಿ “ಇಲ್ಲ” ಎಂದು ಬರೆಯುವುದು ಸೊಸೆಗೆ ಕಾಣುತ್ತಿತ್ತು. ಪಕ್ಕದಲ್ಲಿ ಅತ್ತೆ, “ಅದನ್ನ ಹೊಲಿದಿದ್ದು ನಾನೇ. ಎರಡು ಹೋಳು, ಒಂದು ಮೊಗ್ಗು” ಎಂದು ಮೆಲ್ಲಗೆ ಅಂದರು. ತೀರಿಹೋದ ನೆಂಟರ ಸುದ್ದಿ ಕೇಳಿದವರ ಹಾಗೆ.

ಮೂರನೆಯದು ಒಣಹಳ್ಳದ ದಂಡೆ, ಕಲ್ಲುಗುಡ್ಡದ ಬುಡ. ಜೀಪು ನಿಲ್ಲಿಸಿ ಮೇಡಂ ಒಂದು ಕಡೆ, ಡ್ರೈವರ್ ಒಂದು ಕಡೆ ಹುಡುಕಲು ಹೋದರು. ಬಿಸಿಲು ಏರುತ್ತಿತ್ತು. ಬಹಳ ಹೊತ್ತಾದ ಮೇಲೆ ಇಬ್ಬರೂ ಬರಿಗೈಯಲ್ಲಿ ಮರಳಿದರು. ಸೊಸೆಗೆ ಆ ಹೊತ್ತಿಗೆ ಬೇರೊಂದು ಅವಸರವಾಗಿತ್ತು. ಡ್ರೈವರ್ ಎದುರಿಗೆ ಹೇಳಲಾಗದೆ, “ಈಗ ಬಂದೆ” ಎಂದು ಗುಡ್ಡದ ಹಿಂಬದಿಗೆ, ಒಂದು ದೊಡ್ಡ ಬಂಡೆಯ ಮರೆಗೆ ಹೋದಳು. ಬಟ್ಟೆ ಎತ್ತಿಕೊಂಡು ಕೂರಬೇಕು, ಯಾಕೋ ಹಿಂತಿರುಗಿ ನೋಡಿದಳು. ಪುಣ್ಯ! ಬೆನ್ನ ಹಿಂದೆ ಮಾರುದ್ದ ಹರಡಿಕೊಂಡಿತ್ತು ಪಾಪಾಸುಕಳ್ಳಿ. ಮೈತುಂಬ ಹೂವು.

“ಅತ್ತೇ! ಮೇಡಂ! ಇಲ್ಲಿದೆ!” ಎಂದು ಕೂಗಿಕೊಂಡವಳು, ನಡುವೆಯೇ ನೆನಪಾಗಿ, “ಈಗ್ಲೇ ಬರಬೇಡಿ, ಸ್ವಲ್ಪ ತಾಳಿ!” ಎಂದೂ ಕೂಗಿದಳು.

ಆಮೇಲೆ ಅತ್ತೆಯ ಕೈ ಹಿಡಿದು ಕರೆತಂದಳು. ಮಗನ ಬೂಟು ಕಲ್ಲಿನ ಮೇಲೆ ದಡಬಡ ಸದ್ದು ಮಾಡುತ್ತಿತ್ತು. ಮುಳ್ಳು ತಾಗದಷ್ಟು ದೂರದಲ್ಲಿ ಅವರನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

“ಹೇಗಿದೆ ಹೇಳು” ಎಂದರು ಅತ್ತೆ.

ಸೊಸೆ ಬಾಯಿ ತೆರೆದಳು. ಹಳದಿ ಎನ್ನಬೇಕು. ಇಷ್ಟು ವರ್ಷ ಹೇಳಿದ್ದು ಅದನ್ನೇ. ಕಣ್ಣೆದುರು ಇರುವುದಕ್ಕೆ ಆ ಮಾತು ಸಾಲುತ್ತಿರಲಿಲ್ಲ. ಎಸಳುಗಳು ಒಳಗಿನಿಂದ ದೀಪ ಹಚ್ಚಿದ ಹಾಗಿದ್ದವು.

“ನಿಮ್ಮ ಮಗ ಹುಟ್ಟಿದಾಗ ಕಾಮಾಲೆಯಾಗಿ ಹಳದಿ ಗೊಂಬೆ ಥರ ಇದ್ದ ಅಂತೀರಲ್ಲ ಅತ್ತೆ…”

“ಅಯ್ಯೋ, ಅಷ್ಟು ಹಳದೀನಾ?” ಅತ್ತೆ ಗಹಗಹಿಸಿ ನಕ್ಕರು. ನಗುತ್ತ ನಗುತ್ತ ಅವರ ಮುಖ ಮೃದುವಾಯಿತು. “ಹಾಗಾದ್ರೆ ನನಗೆ ಗೊತ್ತು. ಬಿಸಿಲಿಗೆ ಹಿಡ್ಕೊಂಡು ಕೂತಿರ್ತಿದ್ದೆ ಅವನನ್ನ. ಆ ಬಣ್ಣ ನನಗೆ ಗೊತ್ತು.”

ಮೇಡಂ ಹತ್ತಿರ ಬಂದು ಮಂಡಿಯೂರಿದರು. “ಅತ್ತೆ, ನಿಮ್ಮ ಬೆರಳು ಕೊಡಿ. ಹೂವಿನ ಒಳಗೆ ಮುಳ್ಳಿಲ್ಲ, ಹೆದರಬೇಡಿ” ಎಂದು ಅವರ ತೋರುಬೆರಳನ್ನು ಹಿಡಿದು, ಒಂದು ಹೂವಿನ ನಡುವೆ ಮೆತ್ತಗೆ ಇಳಿಸಿದರು. “ಈಗ ಅಲ್ಲಾಡಿಸಬೇಡಿ.”

ಸೊಸೆ ಬಗ್ಗಿ ನೋಡಿದಳು. ಹೂವಿನೊಳಗಿನ ನೂರಾರು ಸಣ್ಣ ಕೇಸರಗಳು, ಯಾರೋ ಕರೆದ ಹಾಗೆ, ನಿಧಾನವಾಗಿ ಬಾಗಿ ಬಾಗಿ ಬಂದು ಅತ್ತೆಯ ಬೆರಳನ್ನು ಸುತ್ತುವರಿದವು.

ಅತ್ತೆ ಸೊಸೆಯ ಕಡೆ ತಿರುಗಿದರು. “ಏನಿದು? ಬೆರಳು ಹಿಡ್ಕೊಂತಿದೆ! ಎಳೆಮಗು ಹಿಡ್ಕೊಂಡ ಹಾಗೆ!”

“ದುಂಬಿ ಬಂದಾಗ ಹೀಗೆ ಮಾಡುತ್ತೆ. ನಿಮ್ಮನ್ನ ದುಂಬಿ ಅಂದ್ಕೊಂಡಿದೆ” ಎಂದರು ಮೇಡಂ.

“ಇಷ್ಟು ವರ್ಷ ಹೊಲಿದೆ” ಎಂದರು ಅತ್ತೆ. “ಇದು ಹೀಗೆ ಮಾಡುತ್ತೆ ಅಂತ ಯಾರೂ ಚೀಟೀಲಿ ಬರೀಲೇ ಇಲ್ಲವಲ್ಲ.”

ಬೆರಳನ್ನು ಅವರು ಬಹಳ ಹೊತ್ತು ತೆಗೆಯಲಿಲ್ಲ. ಯಾರೂ ತೆಗೆಯಿರಿ ಎನ್ನಲಿಲ್ಲ. ಸೊಸೆ ಅತ್ತೆಯ ಇನ್ನೊಂದು ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಹೂವಿದ್ದ ಒಂದೇ ಒಂದು ಹೋಳನ್ನು ಮೇಡಂ ಕತ್ತರಿಸಿದರು. ಜೀಪಿನ ನೆರಳಲ್ಲಿ ಬಟ್ಟೆ ಹಾಸಿ, ಸೊಸೆ ಸೀಳಿ ಕೊಟ್ಟದ್ದನ್ನು ಅತ್ತೆ ಚಮಚ ಹಿಡಿದು ತಾವೇ ಕೆರೆದರು. ಮೊಣಕೈವರೆಗೆ ಲೋಳೆ, ಮುಖದ ತುಂಬ ಸಂತೋಷ. ಕಾಗದ ಮಡಚಿ, ಹಲಗೆ ಇಟ್ಟು, ಪಟ್ಟಿ ಬಿಗಿದ ಮೇಲೆ ಮೇಡಂ ಚೀಟಿಗೆ ವಿವರ ಬರೆಯತೊಡಗಿದರು. ಒಣಹಳ್ಳದ ದಂಡೆ. ಬಂಡೆಯ ಮರೆ. ಹೂವು ಹಳದಿ. ಮುಟ್ಟಿದರೆ ಕೇಸರಗಳು ಬಾಗುತ್ತವೆ.

“ಹೇಗೆ ಸಿಕ್ಕಿತು ಅನ್ನೋದಕ್ಕೆ ಚೀಟೀಲಿ ಜಾಗ ಇಲ್ಲ, ಬದುಕಿದಿರಿ” ಎಂದು ಸೊಸೆಯ ಕಡೆ ಕಣ್ಣು ಮಿಟುಕಿಸಿ, “ಸಂಗ್ರಹಿಸಿದವರು ಅನ್ನೋ ಕಡೆ ಮೂವರ ಹೆಸರೂ ಹಾಕ್ತೀನಿ. ಅತ್ತೆ, ನಿಮ್ಮ ಹೆಸರು?” ಎಂದರು.

ಎಷ್ಟೋ ಕಾಲದಿಂದ ಯಾರೂ ಕರೆಯದ ಹೆಸರು. ಅತ್ತೆ ತಲೆ ಬಗ್ಗಿಸಿ, ನಾಚಿಕೊಂಡ ದನಿಯಲ್ಲಿ ಹೇಳಿದರು. ಸೊಸೆಗೆ ಅದು ಎಲ್ಲೋ ಜಡೆ ಹಾರಿಸಿಕೊಂಡು ಆಡುತ್ತಿರುವ ಚಿಕ್ಕ ಹುಡುಗಿಯೊಬ್ಬಳ ಹೆಸರಿನ ಹಾಗೆ ಕೇಳಿಸಿತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದವಳು, ಆ ಹುಡುಗಿಯ ಬಗ್ಗೆ ತನಗೆ ಏನೇನೂ ಗೊತ್ತಿಲ್ಲವಲ್ಲ ಎಂದುಕೊಂಡಳು. ವಾಪಸು ಬರುವ ದಾರಿಯುದ್ದಕ್ಕೂ ಕೇಳಿದಳು. ಯಾವ ಶಾಲೆ, ಯಾರ ಜೊತೆ ಆಟ, ಯಾರಿಗೆ ಹೆದರುತ್ತಿದ್ದಿರಿ. ಅತ್ತೆ ಹೇಳುತ್ತ ಹೇಳುತ್ತ ಅವಳ ಹೆಗಲ ಮೇಲೆ ನಿದ್ದೆಹೋದರು.

ಅದಾದ ಮೇಲೆ ಅತ್ತೆ ಇನ್ನೂ ಕೆಲವು ವರ್ಷ ಗಟ್ಟಿಯಾಗಿಯೇ ಬದುಕಿದರು. ಮನೆಗೆ ಯಾರೇ ಬಂದರೂ ಮರುಭೂಮಿಯ ಕಥೆ ಹೇಳದೆ ಕಳಿಸುತ್ತಿರಲಿಲ್ಲ. ಕಥೆ ಸಲದಿಂದ ಸಲಕ್ಕೆ ಬೆಳೆಯಿತು. ಮಾರುದ್ದದ ಕಳ್ಳಿ ಮಹಡಿಯೆತ್ತರವಾಯಿತು. ಹೂವು ಊಟದ ತಟ್ಟೆಯಗಲವಾಯಿತು. ಒಂದು ದಿನ ಪಕ್ಕದ ಮನೆಯಾಕೆ ಬಂದಿದ್ದಾಗ ಸೊಸೆ ಚಹಾ ತರುತ್ತ ಕೇಳಿಸಿಕೊಂಡಳು.

“ಮೇಡಂ ಹುಡುಕಿದ್ರು, ಇಲ್ಲ. ಡ್ರೈವರ್ ಹುಡುಕಿದ, ಇಲ್ಲ. ಆಗ ನಾನು ಅಂದೆ, ತಡೀರಿ, ನನಗೆ ಹೂವಿನ ವಾಸನೆ ಬರ್ತಿದೆ, ಆ ಬಂಡೆ ಹಿಂದೆ ನೋಡಿ ಅಂತ!”

“ಹೌದಾ!” ಎಂದಳು ಪಕ್ಕದ ಮನೆಯಾಕೆ, ಕಣ್ಣರಳಿಸಿ. “ಕಣ್ಣಿಲ್ಲದಿದ್ರೂ ನೀವೇ ಹುಡುಕಿದ್ರಾ?”

“ಬೇಕಾದ್ರೆ ನನ್ನ ಸೊಸೇನ ಕೇಳು, ಅವಳೂ ಅಲ್ಲೇ ಇದ್ದಳು.”

ಸೊಸೆ ಲೋಟಗಳನ್ನು ಮೇಜಿನ ಮೇಲಿಟ್ಟಳು.

“ಹೌದು” ಎಂದಳು. “ಅತ್ತೆ ಹೇಳಿದ ಮೇಲೇ ನಾನು ಬಂಡೆ ಹಿಂದೆ ಹೋಗಿದ್ದು.”